ಕುಳ್ಳ ಟ್ರ್ಯಾಕ್ಟರಿನ ಕುಂಟು ಸದ್ದು

ಅಪ್ಪ ತೀರಿಕೊಂಡ ವರ್ಷ, ಮುಂಗಾರು ಶುರುವಾದ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಅವ್ವ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟು, ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಕೊಡುವವಳ ಹಾಗೆ, "ಆ ಗಾಡಿ ಒಂದ್ಸಲ ಓಡ್ಬೇಕು ಕಣವ್ವ," ಎಂದಳು.

"ಯಾವ ಗಾಡಿ?"

"ಕುಳ್ಳ."

"ಯಾಕೆ?"

"ಹಿರೀಕ್ರ ಹಬ್ಬುಕ್ಕೆ ನಿಮ್ಮಪ್ಪ ಬರ್ಬೇಕಲ್ಲ. ಅವ್ರು ಯಾವತ್ತು ನಡ್ಕಂಡ್ ಮನೆಗ್ ಬಂದವ್ರೆ, ಏಳು?"

ನನ್ನ ಬಳಿ ಉತ್ತರಗಳಿದ್ದವು. ಸತ್ತವರು ಬರುವುದಿಲ್ಲ. ಬರುವುದಾದರೂ ಅವರಿಗೆ ಗಾಡಿ ಬೇಕಿಲ್ಲ. ಗಾಡಿಯೇ ಬೇಕೆಂದರೂ ಅದನ್ನು ಓಡಿಸಿಕೊಂಡು ಬರುವವಳು ನಾನಾಗಿರುತ್ತೇನೆ, ಅಪ್ಪ ಅಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಷ್ಟು ಸಿಕ್ಕಿದ್ದರೆ ಎದುರಿನ ತಂಡವನ್ನು ಮತ್ತೆ ಮೇಲೇಳದ ಹಾಗೆ ಕೂರಿಸಿಬಿಡುತ್ತಿದ್ದೆ. ಆದರೆ ಅವ್ವ ಎದುರಿಗೆ ಕೂತಿರಲಿಲ್ಲ, ಪಕ್ಕದಲ್ಲಿ ಕೂತಿದ್ದಳು. ನಾನು ಮೊರ ಎತ್ತಿಕೊಂಡು ಉಳಿದ ರಾಗಿ ಕೇರತೊಡಗಿದೆ.

ಪಿತೃಪಕ್ಷದಲ್ಲಿ ನಮ್ಮ ಮನೆಗಳಲ್ಲಿ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಬಾಳೆ ಎಲೆಯ ಮೇಲೆ: ಬಾಡಿನ ಸಾರು, ಮುದ್ದೆ, ವಡೆ, ಬೀಡಿಕಟ್ಟು, ಕೆಲವರಿಗೆ ಒಂದು ಲೋಟ ಬ್ರಾಂದಿ. ಹೊಸ ಪಂಚೆ ಮಡಿಸಿಟ್ಟು, ಧೂಪ ಹಾಕಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಬಂದು ನಿಲ್ಲಬೇಕು. ಆ ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ನಾನು ಹಿಂದಿನ ಕಿಟಕಿಯಿಂದ ಇಣುಕುತ್ತ ನಿಂತು, ಬಾಗಿಲು ತೆಗೆದ ಮೇಲೆ, ಯಾರೂ ಬರಲಿಲ್ಲ, ನಾನೇ ಸಾಕ್ಷಿ ಎಂದು ನೆಂಟರ ಮುಂದೆ ಘೋಷಿಸಿದ್ದೆ. ಅಪ್ಪ ನಕ್ಕಿದ್ದ. "ನೀ ಅಂಗ್ ಕಣ್ ಬುಟ್ಕಂಡ್ ನೋಡ್ತಿದ್ರೆ ಅವ್ರು ನಾಚ್ಕಂಡು ಉಣ್ಣಲ್ಲ ಕಣವ್ವ. ನಿಂಗ್ಯಾರಾದ್ರೂ ಬಾಯ್ ನೋಡ್ತಾ ನಿಂತ್ರೆ ಉಣ್ತೀಯಾ?"  

ಇನ್ನು ಕುಳ್ಳನ ವಿಷಯ. ಹನಗೋಡಿನ ಕಡೆಯ ಊರುಗಳಲ್ಲಿ ದೊಡ್ಡ ಟ್ರ್ಯಾಕ್ಟರುಗಳಿಗೆ ಬರವಿಲ್ಲ, ಟಿಲ್ಲರುಗಳಿಗೂ ಇಲ್ಲ. ನಮ್ಮದು ಎರಡೂ ಅಲ್ಲ. ನಾಲ್ಕು ಚಕ್ರ, ಒಂದು ಸೀಟು, ಎತ್ತರ ನನ್ನ ಸೊಂಟಕ್ಕೆ ಬರುವಷ್ಟು. ಬಿಳಿ ದೊರೆಗಳ ಕಾಲದಲ್ಲಿ ಹೂದೋಟ, ಹಣ್ಣಿನ ತೋಟಗಳಲ್ಲಿ ಓಡಿಸಲೆಂದು ಹೊರದೇಶದಿಂದ ತರಿಸಿದ ಜಾತಿಯದು. ಕೊಡಗಿನ ಒಂದು ಕಾಫಿ ತೋಟದಲ್ಲಿ ಅಪ್ಪ ಹರೆಯದಲ್ಲಿ ಡ್ರೈವರಾಗಿದ್ದಾಗ ಗಿಡಗಳ ಸಾಲಿನ ನಡುವೆ ಗೊಬ್ಬರ ಎಳೆಯಲು ಅದನ್ನೇ ಓಡಿಸುತ್ತಿದ್ದನಂತೆ. ತೋಟದ ಮಲಯಾಳಿ ಆಳುಗಳು ಅದನ್ನು ಕುಟ್ಟಿ ವಂಡಿ, ಎಂದರೆ ಮರಿಗಾಡಿ, ಅನ್ನುತ್ತಿದ್ದರು. ತೋಟದವರು ಹೊಸದನ್ನು ತಂದು ಇದನ್ನು ಶೆಡ್ಡಿನ ಹಿಂದೆ ತಳ್ಳಿದಾಗ ಅಪ್ಪ ಕೇಳಿ ಪಡೆದುಕೊಂಡು, ಅವ್ವನನ್ನು ಮದುವೆಯಾದ ವರ್ಷವೇ ಊರಿಗೆ ತಂದ. ಅಜ್ಜಿ ಬದುಕಿರುವವರೆಗೂ, ಒಂದೇ ವರ್ಷ ಇಬ್ಬರನ್ನ ಕಟ್ಕಂಡ ನನ್ ಮಗ, ಎಂದು ಹಾಸ್ಯ ಮಾಡುತ್ತಿದ್ದಳು.

ಅದು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಒಂಟಿ ಪಿಸ್ಟನ್ನಿನ ಇಂಜಿನ್ನು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಓಡುವಾಗ ನಾಲ್ಕೈದು ಬಡಿತಕ್ಕೊಮ್ಮೆ ಒಂದು ಬಡಿತ ಬಿಟ್ಟುಹೋಗುತ್ತಿತ್ತು. ಡುಗ್ ಡುಗ್ ಡುಗ್ ಡುಗ್, ಆಮೇಲೆ ಏನೂ ಇಲ್ಲ, ಮತ್ತೆ ಡುಗ್. ಕುಂಟುವ ಮನುಷ್ಯ ಅವಸರವಾಗಿ ಬರುತ್ತಿರುವ ಹಾಗೆ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಅಪ್ಪ ಸೊಪ್ಪನ್ನು ಒಣಗಿಸುವ ಬ್ಯಾರನ್ನಿಗೆ ಸಾಗಿಸಿ, ಸಂಜೆ ಕೆರೆ ಏರಿಯ ಮೇಲೆ ಹಾದು ಮನೆಗೆ ಬರುತ್ತಿದ್ದ. ಏರಿಯ ತಿರುವಿನಲ್ಲಿ ಆ ಕುಂಟು ಸದ್ದು ಕೇಳಿದರೆ ಅವ್ವ ಮುದ್ದೆಗೆ ಎಸರು ಇಡುತ್ತಿದ್ದಳು. ಕುಳ್ಳ ಮನೆ ಪಕ್ಕದ ಹಟ್ಟಿಗೆ ಬಂದು ನಿಲ್ಲುವುದಕ್ಕೂ ಎಸರು ಕುದಿಯುವುದಕ್ಕೂ ಸರಿಹೋಗುತ್ತಿತ್ತು. ಊರಿನ ಎಷ್ಟೋ ಗಾಡಿಗಳು ಏರಿಯ ಮೇಲೆ ಬರುತ್ತಿದ್ದವು. ಅವ್ವ ಒಂದು ಸಲವೂ ತಪ್ಪು ಗಾಡಿಗೆ ಎಸರಿಟ್ಟವಳಲ್ಲ.

ಅಪ್ಪ ಹೋಗುವ ಹಿಂದಿನ ಬೇಸಿಗೆಯಲ್ಲಿ ಕುಳ್ಳ ಹೊಲದ ನಡುವೆ ಬಿಗಿದುಕೊಂಡು ನಿಂತುಬಿಟ್ಟಿತು. ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಮಳೆ ಬರ್ಲಿ ನೋಡಮ ಎಂದ ಅಪ್ಪ. ಮಳೆ ಬಂತು, ಹೊಗೆಸೊಪ್ಪಿನ ಕೆಲಸ ಬಂತು, ಕೆಲಸ ಮುಗಿಯಿತು. ಒಂದು ಬೆಳಿಗ್ಗೆ ಸಸಿಮಡಿಗೆ ನೀರು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಹುಣಸೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ಇರಲಿಲ್ಲ.

ಹಾಗಾಗಿ ಆ ಸದ್ದು ಕೊನೆಯ ಸಲ ಯಾವತ್ತು ಕೇಳಿತು ಎನ್ನುವುದು ಅವ್ವನಿಗೆ ನೆನಪಿರಲಿಲ್ಲ. ಕೊನೆಯದು ಎಂದು ಗೊತ್ತಿದ್ದರಲ್ಲವೇ ನೆನಪಿಡುವುದು? ಎಲ್ಲರ ಫೋನುಗಳಲ್ಲಿ ಹುಡುಕಿದೆ. ಅಪ್ಪ ಕುಳ್ಳನ ಮೇಲೆ ಕೂತ ಫೋಟೊಗಳು ಬೇಕಾದಷ್ಟಿದ್ದವು. ಸದ್ದನ್ನು ಯಾರೂ ಹಿಡಿದಿರಲಿಲ್ಲ. ದಿನಾ ಕೇಳುವುದನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ?

ಸರಿ, ನಂಬಿಕೆ ಅವ್ವನದು, ಕೆಲಸ ನನ್ನದು ಎಂದುಕೊಂಡು ಹುಣಸೂರಿಗೆ ಹೋದೆ. ನಾನು ಅಲ್ಲಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಕೋರ್ಟು ಮುಗಿಸಿ, ಮರದ ಡಿಪೋಗಳ ಹಿಂದಿರುವ ಒಂದು ಲೇತ್ ಅಂಗಡಿಗೆ ನಡೆದೆ. ಅಲ್ಲಿಯ ಮೇಸ್ತ್ರಿ ಅಪ್ಪನ ಹಳೆಯ ಗೆಳೆಯರು. ಅಪ್ಪ, ಅವ್ವ ಇಬ್ಬರೂ ಅವರನ್ನು ಸಾಬ್ರೇ ಎನ್ನುತ್ತಿದ್ದರು. ನಾನು ಚಿಕ್ಕಂದಿನಿಂದ ಮಾಮ ಅನ್ನುತ್ತೇನೆ. ಬಕ್ರೀದಿಗೆ ಅವರ ಮನೆಯ ಬಿರಿಯಾನಿ, ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳು, ಗೆಳೆತನ ಹಾಗೆ ಬೆಳೆದದ್ದು. ಮಾಮನಿಗೆ ಮಾತೆಂದರೆ ಪ್ರಾಣ. ತಾವು ತಪ್ಪಿರಬಹುದು ಎನ್ನುವ ಸಾಧ್ಯತೆಯನ್ನು ಅವರು ಜೀವಮಾನದಲ್ಲಿ ಒಮ್ಮೆಯೂ ಪರಿಗಣಿಸಿದವರಲ್ಲ.

ತಮ್ಮ ಲಗೇಜ್ ಆಟೊದಲ್ಲಿ ನಮ್ಮ ಹಟ್ಟಿಗೆ ಬಂದು, ಟಾರ್ಪಾಲು ಸರಿಸಿ, ಕುಳ್ಳನ ಮೂತಿಯನ್ನು ಉಗುರಿನಿಂದ ಕೆರೆದರು. ಮೇಲೆ ನೀಲಿ, ಕೆಳಗೆ ಹಸಿರು, ಅದರ ಕೆಳಗೆ ಕೇಸರಿ ಬಂತು.

"ನೋಡ್ದ್ಯಾ ಲಾಯರಮ್ಮ? ಇಟಲಿ ಮಾಲು."

"ಬಣ್ಣ ನೋಡಿ ದೇಶ ಹೇಳ್ತೀರಾ ಮಾಮ? ಈ ನೀಲಿ ಅಪ್ಪ ಬಳಿದದ್ದು. ಹಸಿರೂ ಅಪ್ಪಂದೇ. ಕೇಸರಿ ತೋಟದವರು ಬಳಿದಿರಬಾರದು ಅಂತೇನಿದೆ?"

"ಅರೆ, ಕೇಸರಿ ಅಂದ್ರೆ ಇಟಲಿ. ಎಲ್ರಿಗೂ ಗೊತ್ತು."

"ಯಾರ್ಯಾರಿಗೆ?"

"ನಂಗೆ ಗೊತ್ತಲ್ಲಮ್ಮ, ಸಾಕಲ್ಲ!"

ನಾನು ಸ್ಪ್ಯಾನರಿನ ತುದಿಯಿಂದ ಇನ್ನಷ್ಟು ಕೆರೆದೆ. ಕೇಸರಿಯ ಕೆಳಗೆ ಬೂದು ಬಣ್ಣವಿತ್ತು. ಮಾಮ ಅದನ್ನು ನೋಡಿಯೂ ನೋಡದವರಂತೆ ಬೋಲ್ಟು ಬಿಚ್ಚತೊಡಗಿದರು. ಇಂಜಿನ್ ತೆರೆದಾಗ ಬಿಗಿದುಕೊಂಡ ಕಾರಣ ಗೊತ್ತಾಯಿತು. ಪಿಸ್ಟನ್ನಿನ ಒಂದು ಪಕ್ಕ ಸೀಳಿ, ಮುರಿದ ರಿಂಗು ಸಿಲಿಂಡರಿನ ಒಳಗೋಡೆಯನ್ನು ಉದ್ದಕ್ಕೆ ಗೀರಿತ್ತು. ಹೊಸ ಪಿಸ್ಟನ್ ಬೇಕು. ಯಾವ ಕಂಪನಿಯದು, ಯಾವ ಮಾದರಿ ಎಂದು ತಿಳಿಯದೆ ಪಿಸ್ಟನ್ ಹುಡುಕುವುದು ಹೇಗೆ? ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೆಸರು ಕೇಳಿದವರಿಗೆಲ್ಲ ಕುಳ್ಳ ಎಂದಷ್ಟೇ ಹೇಳಿದ್ದ.

ಹಳೆಯ ತೋಟದ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿ ಜೋಪಾನ ಮಾಡುವ ಹುಚ್ಚರ ಗುಂಪುಗಳು ಇಂಟರ್‌ನೆಟ್ಟಿನಲ್ಲಿವೆ. ಅಂಥ ಒಂದಕ್ಕೆ ಫೋಟೊ ಕಳಿಸಿದೆ. ಬೆಳಗಾಗುವಷ್ಟರಲ್ಲಿ ಉತ್ತರಗಳು ಬಂದಿದ್ದವು. ಇಂಗ್ಲೆಂಡಿನದು, ಕಂಪನಿ ಮುಚ್ಚಿ ಬಹುಕಾಲವಾಗಿದೆ. ಈ ಆಕಾರದಲ್ಲಿ ಅವರು ಮೂರು ಮಾದರಿ ಮಾಡಿದ್ದರು, ಹೊರಗಿನಿಂದ ಮೂರೂ ಅಕ್ಕತಂಗಿಯರ ಹಾಗೆ, ಒಳಗಿನ ಪಿಸ್ಟನ್ ಕೂದಲೆಳೆಯಷ್ಟು ಬೇರೆ ಬೇರೆ, ಸವೆದು ಸೀಳಿದ್ದನ್ನು ಅಳೆದು ಹೇಳುವ ಹಾಗಿಲ್ಲ. ಇಂಜಿನ್ನಿನ ಬ್ಲಾಕಿನ ಮೇಲೆ ಅಚ್ಚಾದ ಅಂಕಿ ಮೂರಕ್ಕೂ ಒಂದೇ, ಅದರಿಂದ ಪ್ರಯೋಜನವಿಲ್ಲ. ಸೀಟಿನ ಮುಂದೆ ಒಂದು ಹಿತ್ತಾಳೆಯ ಫಲಕ ಇರುತ್ತದೆ, ಅದರ ಮೇಲಿನ ನಂಬರು ಕಳಿಸು, ಹೇಳುತ್ತೇವೆ ಎಂದು ಒಬ್ಬ ಮುದುಕ ಬರೆದಿದ್ದ. ತನ್ನ ಬಳಿ ಹಳೆಯ ಪಿಸ್ಟನ್ ಒಂದಿದೆ, ಆದರೆ ಊಹೆಯ ಮೇಲೆ ಕಳಿಸುವುದಿಲ್ಲ ಎಂದೂ ಸೇರಿಸಿದ್ದ. ನನಗೆ ಅವನ ಮೇಲೆ ಗೌರವ ಹುಟ್ಟಿತು.

ಫಲಕ ಇತ್ತು. ಅಂಗೈಯಷ್ಟಗಲ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿದೆ. ಸೀಮೆಸುಣ್ಣದ ಪುಡಿ ಹಾಕಿ ಒರೆಸಿದೆ. ಟಾರ್ಚನ್ನು ಓರೆಯಾಗಿ ಹಿಡಿದು, ಕೆನ್ನೆಯನ್ನು ಮಡ್‌ಗಾರ್ಡಿಗೆ ಒತ್ತಿ ನೋಡಿದಾಗ ಒಂದು ಮೂಲೆಯಲ್ಲಿ ಯಾವುದೋ ಅಕ್ಷರದ ಹೊಟ್ಟೆಯಂಥ ಒಂದು ಬಳುಕು ಕಂಡಿತು. ಅದೂ ಕಂಡಿತೋ, ನಾನು ಕಲ್ಪಿಸಿಕೊಂಡೆನೋ.

"ಯಾರೋ ಬೇಕಂತ್ಲೇ ತಿಕ್ಕಿ ಅಳ್ಸವ್ರೆ," ಎಂದರು ಮಾಮ. "ಕಳ್ಳಮಾಲ್ ಆದ್ರೆ ಇಂಗ್ ಮಾಡ್ತಾರೆ. ಆ ತೋಟದವ್ರು..."

ಹಟ್ಟಿಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅವ್ವ ಕೇಳಿದಳು. "ಏನಳ್ಸವ್ರೆ ಸಾಬ್ರೇ?"

"ಈ ತಗಡಿನ ಮೇಲೆ ಅಕ್ಷರ ಇತ್ತಂತೆ ಅಕ್ಕ. ಅದಿದ್ದಿದ್ರೆ ಪಿಸ್ಟನ್ ಸಿಕ್ತಿತ್ತು."

ಅವ್ವ ಬಂದು ಫಲಕವನ್ನು ನೋಡಿದಳು. ಲೋಟಗಳನ್ನು ಇಡುವುದಕ್ಕೂ ಮರೆತು ನೋಡಿದಳು. "ನಾನೇ ಕಣ ಉಜ್ಜಿದ್ದು," ಎಂದಳು.

ಆಯುಧಪೂಜೆಯ ಹಿಂದಿನ ದಿನ ಮನೆಯ ಹಿತ್ತಾಳೆ, ತಾಮ್ರವೆಲ್ಲ ಅಂಗಳಕ್ಕೆ ಬರುತ್ತದೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ದೀಪ, ಚೊಂಬು, ಗಂಟೆ, ತಟ್ಟೆ ಎಲ್ಲ ಆದ ಮೇಲೆ ಅವ್ವ ಅದೇ ಕೈಯಲ್ಲಿ ಹಟ್ಟಿಗೆ ಹೋಗಿ ಕುಳ್ಳನ ಈ ಫಲಕವನ್ನೂ ಉಜ್ಜುತ್ತಿದ್ದಳು. ಆ ಮೇಲೆ ಅಪ್ಪ ಅದಕ್ಕೆ ವಿಭೂತಿ ಪಟ್ಟೆ ಎಳೆದು ಕುಂಕುಮ ಇಡುತ್ತಿದ್ದ. ಮದುವೆಯಾದ ವರ್ಷದಿಂದ ಪ್ರತಿ ವರ್ಷ. ಮೊದಮೊದಲು ಅದರಲ್ಲಿ ಏನೋ ಗೀಟುಗಳಿದ್ದವೆಂದು, ಅದರ ಸಂದಿಯಲ್ಲಿ ಕಪ್ಪು ಕೂತುಕೊಳ್ಳುತ್ತಿತ್ತೆಂದು, ಬರಬರುತ್ತ ಚೆನ್ನಾಗಿ ಬೆಳಗಿತೆಂದು ಅವ್ವ ಈಗ ನೆನಪು ಮಾಡಿಕೊಂಡಳು.

"ಅಂಗಾರೆ ಅವ್ರ ಗಾಡಿ ಹೆಸ್ರ ನಾನೇ ಅಳ್ಸಾಕ್ದೆ."

ಆಗ ನಾನು ವಾದಕ್ಕೆ ನಿಂತೆ. ನನಗೆ ಬರುವುದು ಅದೊಂದೇ. ಅವ್ವ, ನಂಬರು ಇದ್ದಿದ್ದರೂ ಪಿಸ್ಟನ್ ಸಿಗುತ್ತಿತ್ತು ಎನ್ನುವುದಕ್ಕೆ ಆಧಾರವಿಲ್ಲ. ಆ ಮುದುಕನ ಬಳಿ ಇರುವುದು ಒಂದೇ ಮಾದರಿಯದು, ನಮ್ಮದು ಅದೇ ಆಗಿರಬೇಕೆಂದೇನಿಲ್ಲ. ಅಳಿಸಿದ್ದು ನೀನೊಬ್ಬಳೇ ಅಲ್ಲ, ಪ್ರತಿ ವರ್ಷ ನಾರಿಟ್ಟು ಉಜ್ಜು ಎಂದು ಹೇಳುತ್ತಿದ್ದವನು ಅಪ್ಪ. ಅಕ್ಷರದ ಬೆಲೆ ಗೊತ್ತಿಲ್ಲದವರು ಅದನ್ನು ಅಳಿಸಿದರೆ ಅದು ತಪ್ಪು ಹೇಗಾಗುತ್ತದೆ? ಒಂದೊಂದು ಮಾತೂ ಸರಿಯಾಗಿತ್ತು, ಯಾವ ತೀರ್ಪುಗಾರರ ಮುಂದೆ ಬೇಕಾದರೂ ನಿಲ್ಲುತ್ತಿತ್ತು. ಅವ್ವ ಪೂರ್ತಿ ಕೇಳಿಸಿಕೊಂಡಳು.

"ನೀ ಏಳದೆಲ್ಲ ದಿಟ ಕಣವ್ವ. ಆದ್ರೂ ಉಜ್ಜಿದ್ದು ಈ ಕೈಯಲ್ವಾ," ಎಂದು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ತಣ್ಣಗಾದ ಕಾಫಿಯನ್ನು ಬಿಸಿ ಮಾಡಿಕೊಂಡು ಬರಲು ಒಳಗೆ ಹೋದಳು.

ಮಾಮನ ಪರಿಚಯಕ್ಕೆ ತಾಲೂಕಿನ ಗಡಿಗಳಿಲ್ಲ. ಪಿರಿಯಾಪಟ್ಟಣ, ಕೆ.ಆರ್. ನಗರದ ವರ್ಕ್‌ಶಾಪುಗಳಿಗೆಲ್ಲ ಫೋನು ಮಾಡಿದರು. ಹಂಪಾಪುರದಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ ಇಂಥದೇ ಒಂದಿದೆ ಎಂದು ಯಾರೋ ಹೇಳಿದರು. ಒಂದು ಭಾನುವಾರ ಲಗೇಜ್ ಆಟೊದಲ್ಲಿ ಕೂತು ಕೋಟೆ ತಾಲೂಕಿನ ಕಡೆಗೆ ಹೊರಟೆವು. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ಟೀ ಕುಡಿಯುವಾಗ ಮಾಮ, ಡಿಸೈನ್ ಇಟಲಿದೇ, ಇಂಗ್ಲೆಂಡಿನೋರು ಕದ್ದಿರ್ಬೇಕು, ಎಂದರು. ನಾನು ಜಗಳಕ್ಕೆ ಹೋಗಲಿಲ್ಲ. ಅದೇ ಮೊದಲು.

ಹಂಪಾಪುರದ ಆ ರೈತರು ಮೊದಲು ಮಜ್ಜಿಗೆ ಕುಡಿಸಿ ಆಮೇಲೆ ಕೊಟ್ಟಿಗೆಗೆ ಕರೆದೊಯ್ದರು. ಗಾಡಿ ಇತ್ತು. ನಮ್ಮ ಕುಳ್ಳನದೇ ಮೂತಿ. ಇಂಜಿನ್ನು ಯಾವತ್ತೋ ಗುಜರಿಗೆ ಹೋಗಿ, ಆ ಜಾಗದಲ್ಲಿ ಕೋಳಿ ಮೊಟ್ಟೆಗೆ ಕೂತಿತ್ತು.

"ನಮ್ಮಪ್ಪ ತಂದಿದ್ದು ಕಣ್ರೀ. ಒಂದ್ ವರ್ಷ ಓಡ್ತೋ ಇಲ್ವೋ. ದರಿದ್ರದ್ದು ಅಂತ ಒಳಗ್ ತಳ್ದೋರು ಮತ್ತೆ ಮುಟ್ಲಿಲ್ಲ. ಕೋಳಿಗ್ ಒಂದ್ ಮನೆ ಆಯ್ತು ಬುಡಿ."

ಸೀಟಿನ ಮುಂದೆ ಹಿತ್ತಾಳೆಯ ಫಲಕವಿತ್ತು. ಕಪ್ಪುಗಟ್ಟಿ, ಹಿಕ್ಕೆ ಮೆತ್ತಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕಂಪನಿಯ ಹೆಸರು, ಊರು, ಮಾದರಿ, ನಂಬರು, ನಿನ್ನೆ ಅಚ್ಚು ಹಾಕಿದಷ್ಟು ಸ್ಪಷ್ಟ. ಅದರಿಂದ ಒಂದು ಉಪಯೋಗವಾಯಿತು. ಇದರ ಮುಂದಿನ ಆ್ಯಕ್ಸಲ್ ನಮ್ಮದಕ್ಕಿಂತ ಬೇರೆ, ಹಾಗಾಗಿ ನಮ್ಮದು ಈ ಮಾದರಿಯಲ್ಲ. ಮೂರರಲ್ಲಿ ಒಂದು ಹೋಗಿ ಎರಡು ಉಳಿದವು. ಎರಡರಲ್ಲಿ ಯಾವುದು ಎನ್ನುವುದಕ್ಕೆ ಸಾಕ್ಷಿ ಇರಲಿಲ್ಲ.

ವಾಪಸು ಬರುವಾಗ ಮಾಮ ದಾರಿಯಲ್ಲಿ ಟೀಗೂ ನಿಲ್ಲಿಸದೆ ಆಟೊ ಓಡಿಸಿದರು. ಆ ಮೇಲೆ, "ಅಕ್ಕಂಗೆ ಏಳ್ಬೇಡಮ್ಮ," ಎಂದರು.

"ಏನನ್ನ?"

"ಅಲ್ಲಿ ಅಕ್ಷರ ಅಂಗೇ ಇತ್ತು ಅಂತ."

ನಾನು ಹೇಳಲಿಲ್ಲ. ಯಾರೂ ಮುಟ್ಟದ ಗಾಡಿಯ ಹೆಸರು ಉಳಿದಿತ್ತು, ಉಪಯೋಗಕ್ಕೆ ಬಾರದೆ. ಈ ಮಾತನ್ನು ಯಾವ ಕಡೆಯಿಂದ ಹಿಡಿದು ಹೇಳಿದರೂ ಅವ್ವನಿಗೆ ಚುಚ್ಚುತ್ತಿತ್ತು.

ಹಬ್ಬ ಹತ್ತಿರವಾಗುತ್ತಿತ್ತು. ಮಾಮ ಒಂದು ದಾರಿ ಹೇಳಿದರು. ಗೀರಿಹೋದ ಸಿಲಿಂಡರನ್ನು ದೊಡ್ಡದಾಗಿ ಕೊರೆದು, ಒಳಗೆ ಹೊಸ ಸ್ಲೀವ್, ಎಂದರೆ ಲೋಹದ ಕೊಳವೆ, ಕೂರಿಸಿ, ನೀರೆತ್ತುವ ಪಂಪ್‌ಸೆಟ್ಟಿನ ಪಿಸ್ಟನ್ ಹಾಕುವುದು. ನಮ್ಮ ಕಡೆ ಎಷ್ಟೋ ಹಳೆಯ ಇಂಜಿನ್ನುಗಳು ಹೀಗೇ ಎರಡನೆಯ ಜನ್ಮ ಪಡೆದಿವೆ. ಆದರೆ ಕೊರೆದ ಮೇಲೆ ಮೂಲದ ಪಿಸ್ಟನ್ ಎಲ್ಲಿ ಸಿಕ್ಕರೂ ಅದಕ್ಕೆ ಕೂರುವುದಿಲ್ಲ. ಇದನ್ನು ಅವರು ಅವ್ವನ ಮುಂದೆ ನಿಂತು, ಕೈಯೊರೆಸಿಕೊಳ್ಳುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೇಳಿದರು.

"ಒಂದ್ಸಲ ಕೊರದ್ರೆ ವಾಪಸ್ ಇಲ್ಲ ಅಕ್ಕ. ನೀವ್ ಊಂ ಅಂದ್ರೆ ಮಾತ್ರ."

"ಸದ್ದು ಅದೇ ಬತ್ತದಾ ಸಾಬ್ರೇ?"

"ಇಂಜಿನ್ ಅದೇ ಅಲ್ವಾ? ಬೇರೆ ಸದ್ದು ಎಲ್ಲಿಂದ ಬತ್ತದೆ?"

"ಗ್ಯಾರಂಟಿ ಕೊಡ್ತೀರಾ ಮಾಮ?" ಎಂದೆ ನಾನು. "ಪಿಸ್ಟನ್ ಬೇರೆ, ಸಿಲಿಂಡರಿನ ಅಳತೆ ಬೇರೆ. ಸದ್ದು ಮಾತ್ರ ಅದೇ ಹೇಗೆ?"

"ಗ್ಯಾರಂಟಿ ಅಲ್ಲಾ ಕೊಡೋದು ಬೇಟಿ. ನಾನು ಗ್ಯಾಸ್ಕೆಟ್ ಕೊಡ್ತೀನಿ."

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ನಾನು ನೋಡಿದ ಮೊದಲ ನಗು. ನಗುತ್ತಲೇ, "ಕೊರೀರಿ," ಎಂದಳು.

ಮಾಮ ಆ ಕೆಲಸವನ್ನು ಮಾಡಿದ್ದು ಹೇಗೆಂದು ನಾನು ನೋಡಿದ್ದೇನೆ. ಇಂಜಿನ್ನನ್ನು ತಮ್ಮ ಅಂಗಡಿಗೆ ಒಯ್ದು, ಬೇರೆಯವರ ಕೆಲಸಗಳನ್ನೆಲ್ಲ ಮುಂದೂಡಿದರು. ವಾಲ್ವುಗಳನ್ನು ಕೂರಿಸಿದರು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಬಿಚ್ಚಿ ಅದರ ಸವೆದ ಪಾಯಿಂಟುಗಳನ್ನು ಅರ ಹಾಕಿ ಸರಿಮಾಡಿದರು, ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ಅದ್ದಿ ಅದ್ದಿ ತೊಳೆದರು. ಗೆಳೆಯನ ಗಾಡಿಯಲ್ಲಿ ಒಂದು ಕುಂದೂ ಉಳಿಯಬಾರದು ಎನ್ನುವ ಹಟ. ಬಣ್ಣ ಯಾವುದು ಎಂದಾಗ ನಾನು ಬೂದು ಎಂದೆ, ಅವರು ಕೇಸರಿ ಎಂದರು. ಅವ್ವ, ಅವ್ರು ಬಳ್ದಿದ್ ನೀಲಿನೇ ಇರ್ಲಿ, ಎಂದಳು. ನಾವಿಬ್ಬರೂ ಸೋತೆವು.

ದೊಡ್ಡಪ್ಪನಿಗೆ, ಎಂದರೆ ಅಪ್ಪನ ಅಣ್ಣನಿಗೆ, ಈ ಸಂಭ್ರಮ ಹಿಡಿಸಲಿಲ್ಲ. "ಎಡೆಗೆ ಕೋಳಿ ಇಡದ ನೋಡಿವ್ನಿ, ಕುರಿ ಇಡದ ನೋಡಿವ್ನಿ. ಟ್ಯಾಕ್ಟ್ರು ಇಡೋರ್ನ ಈಗ್ ನೋಡ್ತಾ ಇವ್ನಿ ಕಣವ್ವ," ಎಂದು ಹಬ್ಬದ ದಿನ ಜಗಲಿಯಲ್ಲಿ ಕೂತು ಅಂದ. "ಲೇ, ನೀನು ದೇವ್ರಿಲ್ಲ ದೆವ್ವಿಲ್ಲ ಅಂತಿದ್ದೋಳು. ಈಗೇನ್ ಡ್ರೈವರ್ ಕೆಲ್ಸಕ್ ಸೇರ್ಕಂಡೆ?"

"ದೆವ್ವ ಇಲ್ಲ ಅಂತ ಈಗಲೂ ಅಂತೀನಿ ದೊಡ್ಡಪ್ಪ. ಅವ್ವ ಇದ್ದಾಳಲ್ಲ."

ಸಂಜೆ ಎಡೆ ಇಟ್ಟರು. ಅಪ್ಪನ ಎಲೆಯ ಮುಂದೆ ಹೊಸ ಪಂಚೆ, ಅವನ ಬೀಡಿಕಟ್ಟು, ಬೆಂಕಿಪೊಟ್ಟಣ. ನಾನೂ ಮಾಮನೂ ಅಷ್ಟರಲ್ಲಿ ಕುಳ್ಳನನ್ನು ಲಗೇಜ್ ಆಟೊಗೆ ಹಗ್ಗ ಕಟ್ಟಿ ಸದ್ದಿಲ್ಲದೆ ಕೆರೆ ಏರಿಯ ಆಚೆ ತುದಿಗೆ ಎಳೆದುಕೊಂಡು ಹೋಗಿದ್ದೆವು. ಅವ್ವ ಮೊದಲ ಸಲ ಕೇಳುವುದು ಏರಿಯ ಮೇಲಿನಿಂದಲೇ ಆಗಬೇಕು ಎನ್ನುವುದು ಅವಳ ಕಟ್ಟಪ್ಪಣೆ. ಹಾಗಾಗಿ ಅಂಗಡಿಯಲ್ಲಿ ಇಂಜಿನ್ ಪರೀಕ್ಷೆ ಮಾಡಿದ ದಿನ ಅವಳು ಬಂದಿರಲಿಲ್ಲ. ನಾನು ಕೋರ್ಟಿನಲ್ಲಿದ್ದೆ. ಮಾಮ ಮಾತ್ರ ಕೇಳಿದ್ದರು, ಗಡಿಯಾರ ಇದ್ದಂಗದೆ ಎಂದು ಫೋನಿನಲ್ಲಿ ಹೇಳಿದ್ದರು.

ಬಾಗಿಲೆಳೆದು ಎಲ್ಲರೂ ಅಂಗಳಕ್ಕೆ ಬಂದ ಮೇಲೆ, ಹಬ್ಬಕ್ಕೆಂದು ಹಾಸ್ಟೆಲಿನಿಂದ ಬಂದಿದ್ದ ನನ್ನ ತಂಗಿ ನನಗೆ ಫೋನು ಮಾಡಿದಳು. ಮಾಮ ಹ್ಯಾಂಡಲ್ ಹಾಕಿ ಬಿಸ್ಮಿಲ್ಲಾ ಎಂದು ತಿರುಗಿಸಿದರು. ಎರಡನೆಯ ಸುತ್ತಿಗೇ ಇಂಜಿನ್ ಎದ್ದಿತು.

ಗಡಿಯಾರದ ಹಾಗೇ ಇತ್ತು. ಡುಗ್ ಡುಗ್ ಡುಗ್ ಡುಗ್ ಡುಗ್ ಡುಗ್. ದಪ್ಪ, ಸಮ, ಎಲ್ಲಿಯೂ ಒಂದು ಬಡಿತ ತಪ್ಪದೆ. ನಾನು ಸೀಟಿನ ಮೇಲೆ ಕೂತು, ತಪ್ಪೀತು ತಪ್ಪೀತು ಎಂದು ಕಾದೆ. ಗೇರು ಹಾಕಿ ಹೊರಟ ಮೇಲೂ ಕಾದೆ. ಬಿಸಿಯಾದ ಮೇಲೆ ತಪ್ಪಬಹುದು, ಪೆಟ್ರೋಲಿನಿಂದ ಸೀಮೆಎಣ್ಣೆಗೆ ಬದಲಿಸಿದಾಗ ತಪ್ಪಬಹುದು. ಬದಲಿಸಿದೆ. ತಪ್ಪಲಿಲ್ಲ. ಪಕ್ಕದಲ್ಲಿ ನಡೆದು ಬರುತ್ತಿದ್ದ ಮಾಮನ ಮುಖ ಹೆಮ್ಮೆಯಿಂದ ಬೆಳಗುತ್ತಿತ್ತು. ಏರಿಯ ತಿರುವು ಬಂತು. ನಮ್ಮ ಮನೆಯ ಅಂಗಳ ಅಲ್ಲಿಂದ ಕಾಣುತ್ತದೆ. ನೆಂಟರ ಗುಂಪಿನಿಂದ ಸ್ವಲ್ಪ ಮುಂದೆ ಅವ್ವ ಒಬ್ಬಳೇ ನಿಂತಿದ್ದಳು, ಕತ್ತನ್ನು ಒಂದು ಕಡೆಗೆ ವಾಲಿಸಿ. ನಾನು ಹತ್ತಿರವಾದಂತೆ ಆ ಕತ್ತು ಮೆಲ್ಲಗೆ ನೆಟ್ಟಗಾಯಿತು.

ಅಂಗಳದಲ್ಲಿ ನಿಲ್ಲಿಸಿದೆ. ಎಲ್ಲರೂ ಮುತ್ತಿಕೊಂಡರು. "ಏನ್ ಮಾಡ್ಬುಟ್ರಿ ಸಾಬ್ರೇ! ಹೊಸಾದೇ ಆಗೋಯ್ತಲ್ಲ!" ಎಂದು ದೊಡ್ಡಪ್ಪನೇ ಮಡ್‌ಗಾರ್ಡ್ ತಟ್ಟಿದ. ಅವ್ವ ಬಂದು ಮಾಮನಿಗೆ ಮೊದಲು ನೀರು ಕೊಟ್ಟಳು. ಅವರು ಕುಡಿದು ಮುಗಿಸುವವರೆಗೂ ಕಾದಳು.

"ಬಾಳ ಚೆನ್ನಾಗ್ ಮಾಡಿದ್ದೀರ ಸಾಬ್ರೇ. ಅವ್ರಿದ್ದಿದ್ರೆ ಕುಣೀತಿದ್ರು."

"ಏನೋ ಒಂದ್ ಮಾತು ಉಳಿಸ್ಕೊಂಡ್ರಿ ಅಕ್ಕ. ಏಳ್ಬುಡಿ."

"ಏನಿಲ್ಲ. ಬ್ಯಾರೆ ಯಾರೋ ಬಂದಂಗಾಯ್ತು. ಅಷ್ಟೇಯ."

ಮಾಮ ಲೋಟ ಹಿಡಿದೇ ನಿಂತರು. ಕುಂಟು ಅವರಿಗೆ ಆಗ ನೆನಪಾಯಿತು. ಎಷ್ಟು ವರ್ಷ ಅಪ್ಪನಿಗೆ ಬೈದಿದ್ದರು, ಒಂದ್ ದಿನ ಬಿಟ್ಟು ಹೋಗೋ ಮಾರಾಯ, ಆ ಮಿಸ್ಸಿಂಗ್ ತೆಗೆದು ಕೊಡ್ತೀನಿ, ಎಂದು. ಅಪ್ಪ ಬಿಟ್ಟು ಹೋಗಿರಲಿಲ್ಲ. ಅದು ಸವೆದ ಪಾಯಿಂಟಿನದೋ, ಹಳೆಯ ಪಿಸ್ಟನ್ನಿನದೋ, ವಾಲ್ವಿನದೋ, ಎಲ್ಲ ಸೇರಿ ಆದದ್ದೋ ಈಗ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಎಲ್ಲವನ್ನೂ ಸರಿ ಮಾಡಿಯಾಗಿತ್ತು.

"ಮ್ಯಾಗ್ನೆಟೊ ಸ್ವಲ್ಪ ಸಡ್ಲ ಮಾಡಿದ್ರೆ ತಪ್ಪುತ್ತೆ ಅಕ್ಕ. ಈಗ್ಲೇ ಮಾಡ್ತೀನಿ. ಸ್ಪ್ಯಾನರ್ ಆಟೊದಲ್ಲೇ ಅದೆ." ಜೀವಮಾನವೆಲ್ಲ ಇಂಜಿನ್ನುಗಳ ಕುಂದು ತೆಗೆದ ಮನುಷ್ಯ ಒಂದು ಕುಂದನ್ನು ಹಾಕಿಕೊಡುತ್ತೇನೆಂದು ಅಂಗಲಾಚುತ್ತಿದ್ದರು.

 

"ಬ್ಯಾಡಿ ಸಾಬ್ರೇ," ಎಂದಳು ಅವ್ವ. "ಅದು ಅಣಕಿಸ್ದಂಗ್ ಆಯ್ತದೆ."

ನಾನು ಏನಾದರೂ ಹೇಳಬೇಕಿತ್ತು. ಸದ್ದು ಎಂದರೆ ಗಾಳಿಯ ಅಲುಗಾಟ, ಕಿವಿಗೆ ಆದ ರೂಢಿ ಎಂದೋ, ಅಪ್ಪ ಅದರಲ್ಲಿರಲಿಲ್ಲ ಎಂದೋ. ನಾನು ನಂಬುವುದು ಅದನ್ನೇ. ಆದರೆ ಏರಿಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿದು ಕೂತು, ಒಂದು ಬಡಿತ ತಪ್ಪಲಿ ಎಂದು ಕಾದವಳು ನಾನೇ. ಯಾತಕ್ಕೆ ಕಾದೆ? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. 

ಅವ್ವ ಬಾಗಿಲು ತಟ್ಟಿದಳು. ಒಳಗೆ ಎಲೆಗಳು ಇಟ್ಟ ಹಾಗೇ ಇದ್ದವು. ಅಪ್ಪನ ಎಲೆಯ ಮುದ್ದೆಯನ್ನು ಮುರಿದು ಒಂದು ತುತ್ತು ನನಗೂ ತಂಗಿಗೂ ಕೊಟ್ಟು, ಇನ್ನೊಂದನ್ನು ಜಗಲಿಗೆ ತಂದು ಮಾಮನ ಕೈಗಿಟ್ಟಳು. ಅವರು ತಲೆ ತಗ್ಗಿಸಿ ತಿಂದರು. ಹಬ್ಬದ ಮನೆ, ಮಾತು ನಿಲ್ಲುವ ಹಾಗಿರಲಿಲ್ಲ. ದೊಡ್ಡಪ್ಪ ಸಾರಿಗೆ ಖಾರ ಸಾಲದೆಂದ, ಯಾರೋ ನಕ್ಕರು.

ಈಗ ಸೊಪ್ಪಿನ ಕಾಲದಲ್ಲಿ, ಕೋರ್ಟಿಗೆ ರಜೆ ಇದ್ದ ದಿನ, ನಾನೇ ಕುಳ್ಳನನ್ನು ಬ್ಯಾರನ್ನಿಗೆ ಒಯ್ಯುತ್ತೇನೆ. ಒಳ್ಳೆಯ ಗಾಡಿ, ಎಲ್ಲಿಯೂ ಕೈಕೊಡುವುದಿಲ್ಲ. ಮೊದಮೊದಲು ಸಂಜೆ ನಾನು ಹಟ್ಟಿಗೆ ಬಂದು ಇಂಜಿನ್ ಆರಿಸಿದಾಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, "ಯಾರಪ್ಪ ಅದು?" ಎಂದು ಕೇಳುತ್ತಿದ್ದಳು. ಊರಿನ ಎಲ್ಲ ಗಾಡಿಗಳ ಸದ್ದು ಅವಳಿಗೆ ಗೊತ್ತು. ನಮ್ಮದು ಮಾತ್ರ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಈಗ ಏರಿಯ ತಿರುವಿಗೆ ಬಂದ ಕೂಡಲೆ ನಾನು ವೇಗ ತಗ್ಗಿಸಿ, ಇಂಜಿನ್ನಿನ ಸದ್ದಿಗಿಂತ ಮೇಲೆ ಕೇಳುವ ಹಾಗೆ ಕೂಗು ಹಾಕುತ್ತೇನೆ.

"ನಾನೇ ಕಣವ್ವೋ!"